ಪಾದವನ್ನು ಮರೆತ ಅಳತೆಗೋಲು

ಇಳಿವಯಸ್ಸಿನಲ್ಲಿ ಶರೀರದ ಕಸುವು ಒಟ್ಟಾರೆ ಕುಂದಿ, ಸಣ್ಣ ಜ್ವರಕ್ಕೂ ಹಾಸಿಗೆ ಹಿಡಿಯುವಂತಾಗುವ ಸ್ಥಿತಿಗೆ ವೈದ್ಯರು 'ಫ್ರೇಲ್ಟಿ' ಎನ್ನುತ್ತಾರೆ. ನಾವು ನಿಶ್ಶಕ್ತತೆ ಎನ್ನೋಣ. ಇದನ್ನು ಗುರುತಿಸಲು ಹೆಚ್ಚಾಗಿ ಬಳಸುವ ಅಳತೆಗೋಲನ್ನು ಅಮೆರಿಕದ ಲಿಂಡಾ ಫ್ರೀಡ್ ಮತ್ತು ಸಂಗಡಿಗರು 2001ರಲ್ಲಿ ರೂಪಿಸಿದರು. 65 ವರ್ಷ ತುಂಬಿದ 5,317 ಮಂದಿಯ ಅಧ್ಯಯನ ಅದಕ್ಕೆ ಆಧಾರ. ತೂಕ ತಾನಾಗಿ ಇಳಿಯುವುದು, ಬಳಲಿಕೆ, ಕೈಹಿಡಿತದ ಬಲ ಕುಗ್ಗುವುದು, ನಡಿಗೆ ನಿಧಾನವಾಗುವುದು, ಚಟುವಟಿಕೆ ಕಡಿಮೆಯಾಗುವುದು – ಈ ಐದರಲ್ಲಿ ಮೂರು ಕಂಡರೆ ನಿಶ್ಶಕ್ತತೆ ಇದೆ ಎಂದರ್ಥ. ಮುಂದೆ ಯಾರು ಬೀಳಬಹುದು, ಯಾರು ಆಸ್ಪತ್ರೆ ಸೇರಬಹುದು ಎಂಬುದರ ಮುನ್ಸೂಚನೆ ಇದರಿಂದ ಸಿಗುತ್ತದೆ. ಆ ಹೆಗ್ಗಳಿಕೆ ಅದಕ್ಕೆ ಸಲ್ಲಬೇಕು.

ಇನ್ನು ಇದೇ ಅಳತೆಗೋಲು ಹಿಡಿದು ಪೀಣ್ಯಕ್ಕೆ ಬನ್ನಿ. ಕಾರ್ಖಾನೆಯ ಗೇಟಿನಲ್ಲಿ ಪಾಳಿಯಿಡೀ ನಿಲ್ಲುವ ವಯಸ್ಸಾದ ಕಾವಲುಗಾರರೊಬ್ಬರನ್ನು ಊಹಿಸಿಕೊಳ್ಳಿ. ಹಿಮ್ಮಡಿಯಲ್ಲಿ ನೋವು, ಅಂಗಾಲಿನಲ್ಲಿ ಆಣಿ. 15 ಅಡಿ ನಡೆಯಲು ಹೇಳಿದರೆ ಹೆಜ್ಜೆ ಎಣಿಸಿ ಇಡುತ್ತಾರೆ: ಒಂದು ಲಕ್ಷಣ ಸಿಕ್ಕಿತು. ರಜೆಯ ದಿನ ನೋವಿಗೆ ಹೆದರಿ ಮನೆಯಲ್ಲೇ ಕೂರುತ್ತಾರೆ: ಎರಡು. (ಚಟುವಟಿಕೆಯ ಮೂಲ ಪ್ರಶ್ನಾವಳಿ ವಿರಾಮಕಾಲದ್ದು, ಅದರಲ್ಲಿ ಗಾಲ್ಫ್, ಟೆನಿಸ್, ಹುಲ್ಲುಹಾಸು ಕತ್ತರಿಸುವುದು ಎಲ್ಲ ಇವೆ, ಗೇಟಿನಲ್ಲಿ ನಿಲ್ಲುವುದಕ್ಕೆ ಜಾಗವಿಲ್ಲ!) 'ಏನು ಮಾಡಹೋದರೂ ಸಾಕಾಗುತ್ತದೆ' ಎಂದರೆ ಮೂರು. ಪಾದವನ್ನು ಯಾರೂ ನೋಡಲೇ ಇಲ್ಲ.

ಪಾರ್ಶ್ವವಾಯು, ಪಾರ್ಕಿನ್ಸನ್ ಕಾಯಿಲೆ ಇದ್ದವರನ್ನು ಫ್ರೀಡ್ ತಂಡ ಲೆಕ್ಕದಿಂದ ಹೊರಗಿಟ್ಟಿತ್ತು. ಒಂದೇ ರೋಗವು ನಿಶ್ಶಕ್ತತೆಯ ವೇಷ ಹಾಕೀತು ಎಂಬ ಎಚ್ಚರ ಅವರದು. ಅದೇ ಎಚ್ಚರ ಪಾದನೋವಿಗೆ ಏಕೆ ಬೇಡವಾಯಿತು? ಅದೇನೂ ಅಪರೂಪದ ತೊಂದರೆಯಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ನಡೆಸಿದ ಪರಿಶೀಲನೆಯ ಪ್ರಕಾರ, ಮಧ್ಯವಯಸ್ಸು ದಾಟಿದ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಪಾದ ಆಗಾಗ ನೋಯುತ್ತದೆ.

ಹಾಗೆಂದು ಇದು ಬರೀ ವೇಷವೂ ಅಲ್ಲ. ನೋವಿಗೆ ಅಂಜಿ ನಡೆಯುವುದನ್ನು ಬಿಟ್ಟರೆ ಮೀನಖಂಡ, ತೊಡೆಯ ಸ್ನಾಯುಗಳು ಕರಗುತ್ತವೆ, ಸಮತೋಲ ತಪ್ಪುತ್ತದೆ; ವೇಷ ನಿಜವಾಗುತ್ತದೆ. ಕಾರಣವನ್ನು ಬೇಗ ಹುಡುಕಿದರೆ ಪ್ರಯೋಜನವುಂಟೆ? ಮೆಲ್ಬರ್ನ್‌ನಲ್ಲಿ ಪಾದನೋವಿದ್ದ 305 ಹಿರಿಯರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಶೂ ಒಳಗಿನ ಮೆತ್ತೆ, ತಕ್ಕ ಪಾದರಕ್ಷೆ, ಪಾದ ಮತ್ತು ಕಣಕಾಲಿನ ವ್ಯಾಯಾಮ ಪಡೆದವರಲ್ಲಿ ಬೀಳುವ ಪ್ರಸಂಗಗಳು ಉಳಿದವರಿಗಿಂತ ಶೇ. 36ರಷ್ಟು ಕಡಿಮೆಯಿದ್ದವು.

ಮಧುಮೇಹಿಗಳ ವಿಷಯ ಬೇರೆ. ನರ ಕೆಟ್ಟು ನೋವೇ ತಿಳಿಯದಿರಬಹುದು. ಅವರಿಗಾಗಿ ಬೆಂಗಳೂರಿನ ಕರ್ನಾಟಕ ಎಂಡೋಕ್ರೈನಾಲಜಿ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ಪಾದಚಿಕಿತ್ಸಾ ವಿಭಾಗವಿದೆ. ಆಣಿ, ಹಿಮ್ಮಡಿ ನೋವಿನವರನ್ನು ಮೊದಲು ನೋಡುವವರು ಬಡಾವಣೆಯ ವೈದ್ಯರೇ. ನಡಿಗೆ ಅಳೆಯುವ ಮುನ್ನ ಶೂ, ಕಾಲುಚೀಲ ಬಿಚ್ಚಿಸಿ ಪಾದ ನೋಡಲು ಅವರಿಗೆ ಎರಡು ನಿಮಿಷ ಸಾಕು. ಕಂಡದ್ದನ್ನು ಆ ಐದು ಲಕ್ಷಣಗಳ ಪಕ್ಕದಲ್ಲೇ ಬರೆದಿಡಲಿ.