ಕಪ್ಪುಕುಳಿಗೆ ಏಳರಾಟದ ಶನಿ

ಕಕುದ್ಮಿ ಮಹಾರಾಜನನ್ನು ಹರಿಕಥೆ ದಾಸರೂ ಅಷ್ಟಾಗಿ ನೆನೆಯುತ್ತಿರಲಿಲ್ಲ. ಅವನಿಗೆ ಹೊಸದಾಗಿ ಅಭಿಮಾನಿ ಬಳಗ ಕಟ್ಟಿಕೊಟ್ಟವನು ಕ್ರಿಸ್ಟೋಫರ್ ನೋಲನ್. 2014ರಲ್ಲಿ ‘ಇಂಟರ್‌ಸ್ಟೆಲ್ಲರ್’ ಸಿನಿಮಾ ಬಂದದ್ದೇ ತಡ, ಭಾಗವತದ ಒಂಬತ್ತನೇ ಸ್ಕಂಧದಲ್ಲಿ ತಣ್ಣಗೆ ಕೂತಿದ್ದ ಈ ರಾಜ ಮದುವೆಮನೆಯ ಹರಟೆಯಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ, ಎಲ್ಲೆಂದರಲ್ಲಿ ಪ್ರತ್ಯಕ್ಷನಾದ. ಮಗಳು ರೇವತಿಗೆ ತಕ್ಕ ವರ ಯಾರೆಂದು ಕೇಳಲು ಅವಳನ್ನೂ ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಗಂಧರ್ವರ ಸಂಗೀತ ನಡೆದಿದೆ. ಮುಗಿಯಲಿ ಎಂದು ಒಂದು ಕ್ಷಣ ಕಾಯುತ್ತಾನೆ. ಆಮೇಲೆ ವಿಷಯ ಹೇಳಿದರೆ ಬ್ರಹ್ಮ ನಕ್ಕುಬಿಡುತ್ತಾನೆ: ನೀನು ಮನಸ್ಸಿನಲ್ಲಿಟ್ಟುಕೊಂಡ ವರಗಳೂ ಇಲ್ಲ, ಅವರ ಮೊಮ್ಮಕ್ಕಳೂ ಇಲ್ಲ, ಭೂಮಿಯಲ್ಲಿ 27 ಚತುರ್ಯುಗ ಕಳೆದಿದೆ. ಸಿನಿಮಾದಲ್ಲಿ ಗಾರ್ಗ್ಯಾಂಚುವಾ ಎಂಬ ಕಪ್ಪುಕುಳಿಯ ಪಕ್ಕದ ನೀರಿನ ಗ್ರಹದಲ್ಲಿ ಒಂದು ಗಂಟೆ ಕಳೆದರೆ ಭೂಮಿಯಲ್ಲಿ ಏಳು ವರ್ಷ. ಮುಗಿಯಿತು. ನೋಲನ್ ಭಾಗವತ ಓದಿದ್ದಾನೆ!

ಇಂಥ ಬಾದರಾಯಣ ಸಂಬಂಧಗಳೆಂದರೆ ನನಗೆ ಪ್ರಾಣ. ಸಿನಿಮಾ ಬಿಟ್ಟ ಮೇಲೆ ಹೋಟೆಲಿನಲ್ಲಿ ಬೈಟು ಕಾಫಿ ಮುಗಿಯುವುದರೊಳಗೆ ನಾಸಾಕ್ಕೂ ನವಗ್ರಹಕ್ಕೂ ಗಂಟು ಹಾಕುವುದು ಸಾಮಾನ್ಯ ಪ್ರತಿಭೆಯಲ್ಲ. ಸಿನಿಮಾದಲ್ಲಿ ದೂರದ ಲೋಕಕ್ಕೆ ದಾಟಿಸುವ ವರ್ಮ್‌ಹೋಲ್ ಎಲ್ಲಿದೆ? ಶನಿಗ್ರಹದ ಹತ್ತಿರ. ಶನಿಯ ಬಾಗಿಲು ದಾಟಿದವನಿಗೆ ಗಂಟೆಗೆ ಏಳು ವರ್ಷ ನಷ್ಟ. ಏಳರಾಟದ ಶನಿ ಅಂದರೆ ಇನ್ನೇನು ಮತ್ತೆ? ಮೊದಲೇ ಹೋಗಿದ್ದ ಗಗನಯಾನಿಗಳು ಹನ್ನೆರಡು ಮಂದಿ, ಅಲ್ಲಿಗೆ ದ್ವಾದಶ ರಾಶಿಗಳೂ ಕೂಡಿಬಂದವು. ಹೊಸ ಗ್ರಹದಲ್ಲಿ ಮನುಷ್ಯಕುಲ ಬೆಳೆಸಲೆಂದು ನೌಕೆಯಲ್ಲಿಟ್ಟ ಸಾವಿರಾರು ಭ್ರೂಣಗಳು ಗಾಂಧಾರಿಯ ತುಪ್ಪದ ಕೊಡಗಳು. (ಹುಟ್ಟುವವರೆಲ್ಲ ಕೌರವರೇ ಆದರೆ ಆ ಗ್ರಹದ ಗತಿಯೇನು ಅಂತ ಯಾರೂ ಕೇಳುವುದಿಲ್ಲ.) ಡಾಕ್ಟರ್ ಮ್ಯಾನ್ ಎಂಬ ವಿಜ್ಞಾನಿಯಂತೂ ಸಾಕ್ಷಾತ್ ಮನು. ಆದರೆ ಸಿನಿಮಾದ ಮ್ಯಾನ್ ತನ್ನ ಜೀವ ಉಳಿಸಿಕೊಳ್ಳಲು ಸುಳ್ಳು ಮಾಹಿತಿ ಕಳಿಸಿ ಉಳಿದವರನ್ನು ಬಲೆಗೆ ಕೆಡವಿದ ಹೇಡಿ. ಈ ಜಾಗಕ್ಕೆ ಬಂದಾಗ ವ್ಯಾಖ್ಯಾನಕಾರರಿಗೆ ಇದ್ದಕ್ಕಿದ್ದಂತೆ ಬಿಲ್ಲು ಕೊಡುವ ಅವಸರ ಶುರುವಾಗುತ್ತದೆ.

ನನ್ನ ತಕರಾರು ಇರುವುದೂ ಅಲ್ಲೇ. ಈ ವ್ಯಾಖ್ಯಾನಗಳು ಅತಿರೇಕವಾದವು ಅಂತ ಕೆಲವರು ಗೊಣಗುತ್ತಾರೆ. ನನಗೆ ಕಾಣುವಂತೆ ಅವುಗಳಿಗೆ ಅತಿರೇಕ ಸಾಲದು. ‘ನಮ್ಮಲ್ಲಿ ಆಗಲೇ ಇತ್ತು’ ಎಂಬ ಸ್ಟೇಷನ್ ಬಂದ ಕೂಡಲೇ ಇಳಿದುಬಿಡುತ್ತವೆ.

ಸ್ವಲ್ಪ ಲೆಕ್ಕ ಹಾಕೋಣ. 27 ಚತುರ್ಯುಗವೆಂದರೆ 11 ಕೋಟಿ 66 ಲಕ್ಷ 40 ಸಾವಿರ ವರ್ಷ. ಗಂಟೆಗೆ ಏಳು ವರ್ಷ ಎಂಬ ನೋಲನ್ ದರದಲ್ಲಿ ಇಷ್ಟು ಕಾಲ ಕಳೆಯಬೇಕಾದರೆ ಗಂಧರ್ವರ ಕಚೇರಿ ಸುಮಾರು 1,900 ವರ್ಷ ಎಡೆಬಿಡದೆ ನಡೆದಿರಬೇಕು. ತನಿ ಆವರ್ತನ ಶುರುವಾದೊಡನೆ ಕ್ಯಾಂಟೀನಿಗೆ ಎದ್ದು ಹೋಗುವ ರಾಮನವಮಿಯ ರಸಿಕರು ಕಕುದ್ಮಿಗೆ ಕೈಮುಗಿಯಬೇಕು. ಕಾದದ್ದು ಒಂದೇ ಕ್ಷಣ ಅಂತ ಪುರಾಣದ ಮಾತನ್ನೇ ಹಿಡಿದರೆ, ಬ್ರಹ್ಮಲೋಕದ ಮುಂದೆ ಗಾರ್ಗ್ಯಾಂಚುವಾ ಯಾವ ಲೆಕ್ಕಕ್ಕೂ ಇಲ್ಲ. ಸಾಮ್ಯ ಸಾರುವವರಿಗೆ ಈ ಗುಣಾಕಾರ ಭಾಗಾಕಾರದ ಗೊಡವೆಯೇ ಬೇಡ.

ಇನ್ನೂ ಒಳ್ಳೆಯ ಸರಕನ್ನು ಅವರು ವಿಷ್ಣುಪುರಾಣದಲ್ಲೇ ಬಿಟ್ಟು ಬಂದಿದ್ದಾರೆ. ರೇವತಿ ಭೂಮಿಗೆ ಮರಳುವ ಹೊತ್ತಿಗೆ ಜನ ಕುಳ್ಳಗಾಗಿದ್ದರು, ಅವಳೊಬ್ಬಳೇ ವಿಪರೀತ ಎತ್ತರ. ಬಲರಾಮ ನೇಗಿಲ ತುದಿಯಿಂದ ಅವಳನ್ನು ತಗ್ಗಿಸಿ ಮದುವೆಯಾದ. ಐನ್‌ಸ್ಟೈನ್ ಸಿದ್ಧಾಂತದ ಉದ್ದದ ಸಂಕೋಚನಕ್ಕೆ ಇದಕ್ಕಿಂತ ಸೊಗಸಾದ ಪುರಾವೆ, ಅದೂ ಕೃಷಿ ಸಲಕರಣೆಯ ಸಮೇತ, ಎಲ್ಲಿ ಸಿಕ್ಕೀತು?

ತಮಾಷೆ ಬದಿಗಿಟ್ಟು ಎರಡು ಕತೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಷಯ ಕಾಣುತ್ತದೆ. ಎರಡರಲ್ಲೂ ಇರುವುದು ಅಪ್ಪ ಮತ್ತು ಮಗಳು. ಕಕುದ್ಮಿಯ ಕಾಲ ಕಳೆದದ್ದು ಮಗಳ ಜೊತೆಯಲ್ಲೇ. ಉಳಿದ ಲೋಕವೆಲ್ಲ ಹೋಯಿತು, ಮಗಳು ಪಕ್ಕದಲ್ಲೇ ಇದ್ದಳು. ಅದಕ್ಕೇ ಬ್ರಹ್ಮ ನಗಬಲ್ಲ. ಸಿನಿಮಾದ ಅಪ್ಪ ಕೂಪರ್ ನೀರಿನ ಗ್ರಹದಿಂದ ನೌಕೆಗೆ ಮರಳುವಷ್ಟರಲ್ಲಿ 23 ವರ್ಷ ಆಗಿಹೋಗಿದೆ. ಮಕ್ಕಳು ಕಳಿಸಿದ ವಿಡಿಯೊಗಳ ಮುಂದೆ ಕೂರುತ್ತಾನೆ. ಪರದೆಯಲ್ಲಿ ಮಗ ನೋಡನೋಡುತ್ತಲೇ ದೊಡ್ಡವನಾಗುತ್ತಾನೆ, ಮದುವೆಯಾಗುತ್ತಾನೆ, ಕೊನೆಗೆ ಅಪ್ಪನಿಗೆ ಸುದ್ದಿ ಕಳಿಸುವುದನ್ನೇ ಬಿಡುತ್ತಾನೆ. ಆಮೇಲೆ ಮಗಳು ಮರ್ಫ್ ಬರುತ್ತಾಳೆ, ಅಪ್ಪ ಮನೆ ಬಿಟ್ಟಾಗಿನ ವಯಸ್ಸು ತನಗೂ ಆಯಿತು ಎನ್ನಲು. ಪುರಾಣದಲ್ಲಿ ವರನ ಸಮಸ್ಯೆಯನ್ನು ಬಗೆಹರಿಸುವ ಕಾಲ ಇಲ್ಲಿ ಎದೆಗೇ ಒದೆಯುತ್ತದೆ. ಎರಡೂ ಒಂದೇ ಎಂದುಬಿಟ್ಟರೆ ಎರಡರ ರುಚಿಯೂ ಕೆಟ್ಟಿತು.

ಗಂಟೆಗೆ ಏಳು ವರ್ಷ ಎಂಬ ಲೆಕ್ಕದ ಹುಟ್ಟೂ ಮಜವಾಗಿದೆ. ಅದು ಭೌತಶಾಸ್ತ್ರದಿಂದ ಬಂದದ್ದಲ್ಲ. ಕತೆಗೆ ಇಷ್ಟೇ ಬೇಕು ಅಂತ ನೋಲನ್ ಹಟ ಹಿಡಿದ. ಸಾಧ್ಯವಿಲ್ಲ ಎಂದುಕೊಂಡಿದ್ದ ಭೌತವಿಜ್ಞಾನಿ ಕಿಪ್ ಥಾರ್ನ್ ಲೆಕ್ಕಕ್ಕೆ ಕೂತು, ಕಪ್ಪುಕುಳಿ ಗರಿಷ್ಠ ಮಿತಿಗೆ ತೀರಾ ಹತ್ತಿರದ ವೇಗದಲ್ಲಿ ತಿರುಗುತ್ತಿದ್ದರೆ ಆಗಬಹುದು ಎಂದು ತೋರಿಸಿದರು. ನೋಲನ್ ಮಾಡಿದ್ದು ಪೌರಾಣಿಕನ ಕೆಲಸವೇ, ಆದರೆ ಅವನ ಬೆನ್ನಿಗೆ ಲೆಕ್ಕ ಮಾಡುವವರೊಬ್ಬರಿದ್ದರು. ಗುರುತ್ವದ ಅಲೆಗಳನ್ನು ಹಿಡಿದದ್ದಕ್ಕೆ ಅದೇ ಥಾರ್ನ್ 2017ರಲ್ಲಿ ನೊಬೆಲ್ ಹಂಚಿಕೊಂಡರು. ಏಟು ತಿಂದ ಕಪ್ಪುಕುಳಿ ಇಂಥ ಅಲೆಗಳನ್ನೇ ಹೊಮ್ಮಿಸುತ್ತ ಗಂಟೆಯಂತೆ ಮಿಡಿದು ಅಡಗುತ್ತದೆ ಎಂದು 1970ರಲ್ಲೇ ತೋರಿಸಿಕೊಟ್ಟವರು ಬೆಂಗಳೂರಿನ ಸಿ. ವಿ. ವಿಶ್ವೇಶ್ವರ, ಕನ್ನಡದ ಲೇಖಕ ಸಿ. ಕೆ. ವೆಂಕಟರಾಮಯ್ಯನವರ ಮಗ, ನಮ್ಮ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರು. ‘ನಮ್ಮವರು ಆಗಲೇ ಹೇಳಿದ್ದರು’ ಎಂದು ಎದೆ ತಟ್ಟಿಕೊಳ್ಳಲು ಹೆಸರು, ಇಸವಿ, ಸಮೀಕರಣ ಎಲ್ಲವೂ ಸಿದ್ಧವಾಗಿರುವಾಗ ನಾವು ಕಕುದ್ಮಿಯನ್ನು ಎಬ್ಬಿಸುತ್ತೇವೆ.

ಸಿನಿಮಾದಲ್ಲಿ ನೇರವಾಗಿ ಬರುವ ಭಾರತವನ್ನೂ ಈ ವ್ಯಾಖ್ಯಾನಕಾರರು ಕಾಣುವುದಿಲ್ಲ. ಇನ್ನು ಬೆಂಡೆಕಾಯಿ ಬೆಳೆಯುವುದಿಲ್ಲ, ಇದೇ ಕೊನೆಯದು ಎಂದು ಆರಂಭದಲ್ಲೇ ಒಂದು ಮಾತು ಬರುತ್ತದೆ. ಗೊಜ್ಜು ತಿನ್ನುವ ನಾಡಿಗೆ ಪ್ರಳಯದ ಸೂಚನೆ ಇದಕ್ಕಿಂತ ಬೇಕೆ? ಅದರ ಬೆನ್ನಲ್ಲೇ ಟೈರು ಪಂಕ್ಚರ್ ಆದ ಗಾಡಿ ಮುಸುಕಿನ ಜೋಳದ ಹೊಲವನ್ನು ಸೀಳಿಕೊಂಡು ಒಂದು ಡ್ರೋನ್ ಹಿಂದೆ ಓಡುತ್ತದೆ. ಡ್ರೋನ್ ಭಾರತೀಯ ವಾಯುಪಡೆಯದು. ದೆಹಲಿಯ ನಿಯಂತ್ರಣ ಕೇಂದ್ರ ಹತ್ತು ವರ್ಷದ ಹಿಂದೆಯೇ ಮುಚ್ಚಿಹೋಗಿದೆ. ಇದು ಮಾತ್ರ ಬಿಸಿಲು ಕುಡಿಯುತ್ತ ಒಂಟಿಯಾಗಿ ಹಾರುತ್ತಲೇ ಇದೆ. ಕೂಪರ್ ಅದನ್ನು ಇಳಿಸುವುದು ಅದರ ಸೌರಕೋಶಗಳನ್ನು ಬಿಚ್ಚಿ ಹೊಲದ ಯಂತ್ರಗಳಿಗೆ ಹಾಕಲು. ಯಾರಿಗೂ ತೊಂದರೆ ಕೊಡುತ್ತಿಲ್ಲವಲ್ಲ, ಬಿಟ್ಟುಬಿಡೋಣ ಅಂತ ಮರ್ಫ್ ಬೇಡಿಕೊಳ್ಳುತ್ತಾಳೆ. ಕಳಿಸಿದವರೂ ಇಲ್ಲ, ಇಳಿಸಿಕೊಳ್ಳುವವರೂ ಇಲ್ಲ, ನಡು ಆಕಾಶದಲ್ಲಿ ಹತ್ತು ವರ್ಷ. ಇಷ್ಟೆಲ್ಲ ಇದ್ದೂ ತ್ರಿಶಂಕುವಿನ ಹೆಸರು ಒಬ್ಬ ವ್ಯಾಖ್ಯಾನಕಾರನ ಬಾಯಿಂದಲೂ ಬಂದದ್ದನ್ನು ನಾನು ಈವರೆಗೆ ಕೇಳಿಲ್ಲ.