ಕಣ್ಣಿಗೆ ಛಲೋ ಕಾಣುವ ಪ್ಯಾಕಿಂಗ್

ಕಾರಿನ ಇಂಜಿನ್ ಬಿಚ್ಚಿದ ಮೇಲೆ ರಿಂಗ್, ಬೇರಿಂಗ್ ಹೊಸವು ಬೇಕೆಂಬುದಕ್ಕೆ ವಿಜಯಪುರದ ಗ್ಯಾರೇಜುಗಳಲ್ಲಿ ಯಾರ ತಕರಾರೂ ಇರುವುದಿಲ್ಲ. ಮಾತು ಬೆಳೆಯುವುದು ಪ್ಯಾಕಿಂಗ್, ಅಂದರೆ ಗ್ಯಾಸ್ಕೆಟ್‌ಗಳ ಹತ್ತಿರ ಬಂದಾಗ. ಮಿಸ್ತ್ರಿ ಹಳೇ ಹೆಡ್ ಗ್ಯಾಸ್ಕೆಟನ್ನು ಬೆಳಕಿಗೆ ಹಿಡಿದು, “ಎಲ್ಲೂ ಸುಟ್ಟಿಲ್ರೀ ಅಣ್ಣಾರ, ನಡೀತೈತಿ” ಎಂದರೆ ಸಾಕು, ಮಾಲೀಕನ ಮುಖ ಅರಳುತ್ತದೆ.

ಇದನ್ನು ಬರೀ ಜಿಪುಣತನವೆನ್ನುವುದು ಅನ್ಯಾಯ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಟಿಕೋಟಾ, ಬಬಲೇಶ್ವರದ ಕಡೆ ದ್ರಾಕ್ಷಿ ಕೊಯ್ಲು, ಮಣೂಕದ ಶೆಡ್ಡುಗಳ ಗಡಿಬಿಡಿ. ಆಗ ಗಾಡಿ ಎರಡು ದಿನ ನಿಂತರೂ ಕೆಲಸ ಕೆಡುತ್ತದೆ. ಹಳೆಯ ಮಾಡೆಲ್ಲಿನ ಪ್ಯಾಕಿಂಗ್ ಸೆಟ್ ಸೊಲ್ಲಾಪುರದಿಂದಲೋ ಹುಬ್ಬಳ್ಳಿಯಿಂದಲೋ ಬರಬೇಕಾದರೆ ಕಾಯುವ ತಾಳ್ಮೆ ಯಾರಿಗಿದೆ? ಆದರೂ ಹೆಡ್ ಗ್ಯಾಸ್ಕೆಟ್ ವಿಷಯದಲ್ಲಿ ಈ ರೂಢಿಯನ್ನು ನಾನು ಒಪ್ಪಲಾರೆ. ಕಣ್ಣು ಪರೀಕ್ಷಿಸುವುದು ಸುಟ್ಟಿದೆಯೋ ಇಲ್ಲವೋ ಎಂಬುದನ್ನು ಮಾತ್ರ. ಕೇಳಬೇಕಾದದ್ದು ಅದರಲ್ಲಿ ಇನ್ನೂ ಒತ್ತಿಕೊಳ್ಳುವ ಶಕ್ತಿ ಉಳಿದಿದೆಯೇ ಎಂದು.

ಬೋಲ್ಟ್ ಬಿಗಿದಾಗ ಗ್ಯಾಸ್ಕೆಟ್ ಅಪ್ಪಚ್ಚಿಯಾಗಿ, ಹೆಡ್ಡಿನ ಮತ್ತು ಬ್ಲಾಕಿನ ಮೇಲಿನ ಸಣ್ಣ ಗೀರು, ತಗ್ಗುಗಳನ್ನು ತುಂಬಿಕೊಳ್ಳುತ್ತದೆ. ಈ ಕೆಲಸ ಅದು ಮಾಡುವುದು ಒಂದೇ ಸಲ. ವರ್ಷಗಟ್ಟಲೆ ಮೆಟ್ಟಿದ ಚಪ್ಪಲಿ ಒಬ್ಬನ ಕಾಲಿಗೇ ಒಗ್ಗಿದಂತೆ ಅದು ಆ ಹಳೆಯ ಮೈಗೇ ಒಗ್ಗಿರುತ್ತದೆ. ಲೇತಿಗೆ ಕಳಿಸಿ ಹೆಡ್ ಫೇಸಿಂಗ್ ಮಾಡಿಸಿದರಂತೂ ಆ ಕಾಲೇ ಬದಲಾಯಿತು. ಅಂಬಾಸಿಡರ್ ಕಾಲದ ತಾಮ್ರ-ಕಲ್ನಾರಿನ ಗ್ಯಾಸ್ಕೆಟ್‌ಗೆ ಗ್ರೀಸ್ ಸವರಿ ಮತ್ತೆ ಕೂರಿಸಿದವರಿದ್ದಾರೆ, ಗಾಡಿಗಳು ಓಡಿಯೂ ಇವೆ. ಅಲ್ಲಿ ಬ್ಲಾಕೂ ಹೆಡ್ಡೂ ಎರಡೂ ಬೀಡು ಕಬ್ಬಿಣ. ಕಾದಾಗ ಹೆಚ್ಚುಕಡಿಮೆ ಒಂದೇ ಸಮ ಹಿಗ್ಗುತ್ತಿದ್ದವು. ಆ ನೆನಪಿನ ಮೇಲೆ ಇವತ್ತಿನ ಕಾರಿಗೆ ತೀರ್ಪು ಕೊಡುವಂತಿಲ್ಲ. ಈಗಿನ ಬಹಳಷ್ಟು ಇಂಜಿನ್‌ಗಳಲ್ಲಿ ಹೆಡ್ ಅಲ್ಯುಮಿನಿಯಂ. ಅದು ಬೀಡು ಕಬ್ಬಿಣದ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 40 ಸೆಂ.ಮೀ. ಉದ್ದದ ಹೆಡ್ 80 ಡಿಗ್ರಿ ಹೆಚ್ಚು ಕಾದರೆ, ಬಿಡಿಯಾಗಿ ಲೆಕ್ಕ ಹಾಕಿದಾಗ ಅದರ ಮತ್ತು ಬ್ಲಾಕಿನ ಹಿಗ್ಗುವಿಕೆಯ ನಡುವಿನ ಅಂತರ 0.4 ಮಿ.ಮೀ. ಹತ್ತಿರ ಬರುತ್ತದೆ. ಗಾಡಿ ಕಾದು ಆರುವ ಪ್ರತಿ ಸಲವೂ ಈ ಎಳೆದಾಟವನ್ನು ತಡೆಯಬೇಕಾದದ್ದು ಆ ತೆಳು ಹಾಳೆ. ಹಲವು ಪದರದ ಉಕ್ಕಿನ ಗ್ಯಾಸ್ಕೆಟ್‌ಗಳಲ್ಲಿ ಸ್ಪ್ರಿಂಗಿನ ಹಾಗೆ ಕೆಲಸ ಮಾಡುವ ಉಬ್ಬುಗೆರೆಗಳಿರುತ್ತವೆ. ಒಮ್ಮೆ ಚಪ್ಪಟೆಯಾದ ಮೇಲೆ ಅವು ಮೊದಲಿನ ಎತ್ತರಕ್ಕೆ ಏಳುವುದಿಲ್ಲ, ಮೇಲಿನ ಲೇಪವೂ ಕಿತ್ತಿರುತ್ತದೆ.

ಮಿಸ್ತ್ರಿಗೂ ಒಳಗೊಳಗೆ ಈ ಅನುಮಾನ ಇದ್ದೇ ಇರುತ್ತದೆ. ಅದಕ್ಕೇ ಹಳೇ ಪ್ಯಾಕಿಂಗ್ ಮೇಲೆ ಟ್ಯೂಬಿನ ಸೀಲಂಟ್ ಧಾರಾಳವಾಗಿ ಬಳಿಯುತ್ತಾನೆ. ಹೊರಗೆ ಒಸರಿದ್ದು ಕಾಣುತ್ತದೆ, ಒರೆಸಬಹುದು. ಸಂಪ್‌ನ ಒಳಗೆ ಒಸರಿದ್ದು ಒಣಗಿ, ಕಳಚಿ, ಆಯಿಲ್ ಪಂಪಿನ ಜಾಲರಿಗೆ ಹೋಗಿ ಕೂತರೆ ಬೇರಿಂಗ್‌ಗಳಿಗೆ ಎಣ್ಣೆಯೇ ಬರುವುದಿಲ್ಲ. ಪ್ಯಾಕಿಂಗಿನಲ್ಲಿ ಉಳಿಸಿದ ರೊಕ್ಕ ಕ್ರ್ಯಾಂಕಿನಲ್ಲಿ ಹೋಗುತ್ತದೆ.

ಹಾಗಂತ ಎಲ್ಲವನ್ನೂ ತಿಪ್ಪೆಗೆ ಎಸೆಯಿರಿ ಎನ್ನುವ ಶೋರೂಮ್ ಶಿಸ್ತಿಗೂ ನನ್ನ ಪೂರ್ತಿ ಒಪ್ಪಿಗೆಯಿಲ್ಲ. ಮೇಲಿನ ವಾಲ್ವ್ ಕವರಿನ ರಬ್ಬರ್ ಮೆತ್ತಗಿದ್ದು, ಬಾಗಿಸಿದರೆ ಬಿರಿಯದಿದ್ದರೆ ಇನ್ನೊಂದು ಸಲ ಬಾಳುತ್ತದೆ. ಅಲ್ಲಿ ಇರುವುದು ಚಿಮ್ಮುವ ಎಣ್ಣೆ ಮಾತ್ರ, ಸಿಲಿಂಡರಿನ ಒತ್ತಡವಲ್ಲ. ಸೋರಿದರೂ ಕಣ್ಣೆದುರಿಗೇ ಸೋರುತ್ತದೆ. ಗಟ್ಟಿ ತಾಮ್ರದ ವಾಶರನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಗ್ಯಾರೇಜಿನ ಹಳೇ ತಲೆಗಳ ಈ ಜಾಣ್ಮೆಗೆ ಲೋಹಶಾಸ್ತ್ರದ ಬೆಂಬಲವಿದೆ. ವಾಟರ್ ಪಂಪಿಗೆ ಪ್ಯಾಕಿಂಗ್ ಹಾಳೆ ಇಟ್ಟು, ಸುತ್ತಿಗೆಯಿಂದ ಅಂಚಿನಗುಂಟ ಮೆಲ್ಲಗೆ ಬಡಿದು, ತೂತು ಸಮೇತ ಕತ್ತರಿಸಿ ಕೊಡುವ ಕೈಗಳನ್ನು ನೋಡುವುದೇ ಒಂದು ಸುಖ.

ಹಳೇ ಹೆಡ್ ಗ್ಯಾಸ್ಕೆಟ್‌ಗೂ ಒಂದು ಉಪಯೋಗ ಇದೆ: ಓದುವುದಕ್ಕೆ. ಯಾವ ಎರಡು ಸಿಲಿಂಡರುಗಳ ನಡುವೆ ಕಪ್ಪಾಗಿದೆ, ಯಾವ ನೀರಿನ ತೂತಿನ ಸುತ್ತ ತಿಂದಿದೆ ಎಂಬುದರಲ್ಲಿ ಇಂಜಿನ್ ಕೆಟ್ಟ ಕಥೆ ಇರುತ್ತದೆ. ಅನೇಕ ಡೀಸೆಲ್ ಇಂಜಿನ್‌ಗಳಲ್ಲಿ ಗ್ಯಾಸ್ಕೆಟ್ ಅಂಚಿನ ಕಚ್ಚು ಅಥವಾ ತೂತುಗಳ ಲೆಕ್ಕ ಅದರ ದಪ್ಪವನ್ನು ಹೇಳುತ್ತದೆ. ಹೊಸದನ್ನು ತರಿಸುವಾಗ ಆ ಗುರುತು ನೋಡದಿದ್ದರೆ ಕಂಪ್ರೆಶನ್ ಏರುಪೇರಾಗುತ್ತದೆ. ಕೆರೆಯುವಾಗ ಒಂದು ಎಚ್ಚರ: ಹಳೆಯವುಗಳಲ್ಲಿ ಕಲ್ನಾರು ಇರಬಹುದು. ಒಣಗಿದ್ದನ್ನೇ ಹ್ಯಾಕ್ಸಾ ಬ್ಲೇಡಿನಿಂದ ಉಜ್ಜಿ ಬಾಯಿಂದ ಊದುವುದು ಪುಪ್ಪುಸಕ್ಕೆ ವಿಷ.

ಆದರೆ ಹೊಸ ಪ್ಯಾಕಿಂಗ್ ಹಾಕಿದ್ದೇ ದೊಡ್ಡ ಕೆಲಸವೆಂದು ಕೈ ತೊಳೆದುಕೊಳ್ಳುವವರೂ ಇದ್ದಾರೆ. ಈ ಸೀಮೆಯಲ್ಲಿ ಗ್ಯಾಸ್ಕೆಟ್ ಸುಡುವುದಕ್ಕೆ ಬೇರು ಬಹಳ ಸಲ ನೀರಿನಲ್ಲಿದೆ. ಡೋಣಿ ಹೊಳೆಯ ನೀರಿನ ಉಪ್ಪು ಇಲ್ಲಿ ಎಲ್ಲರಿಗೂ ಗೊತ್ತು. ಬೋರ್‌ವೆಲ್ಲಿನ ಗಡಸು ನೀರೂ ರೇಡಿಯೇಟರಿನಲ್ಲಿ ಬಿಳಿ ಪದರ ಕಟ್ಟುತ್ತದೆ. ಕೂಲಂಟ್ ಬದಲು ಕೊಡದ ನೀರನ್ನೇ ಸುರಿದು, 40 ಡಿಗ್ರಿ ದಾಟಿದ ಮೇ ತಿಂಗಳ ಬಿಸಿಲಿನಲ್ಲಿ ಅಥಣಿ ರಸ್ತೆಗೆ ಇಳಿದರೆ ಹೆಡ್ ಕಾದು ಸೊಟ್ಟಗಾಗುತ್ತದೆ. ಸೊಟ್ಟ ಹೆಡ್ಡಿನ ಕೆಳಗೆ ಎಷ್ಟೇ ದುಬಾರಿ ಗ್ಯಾಸ್ಕೆಟ್ ಇಟ್ಟರೂ ಅದು ಬಾಳುವುದಿಲ್ಲ. ನೇರಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ ನೋಡುವುದಕ್ಕೆ ಹೆಚ್ಚು ಹೊತ್ತು ಬೇಡ. ಇಂಜಿನ್ ಯಾವುದೆಂಬುದರ ಮೇಲೆ ಮಿತಿ 0.05 ಮಿ.ಮೀ., ಇಲ್ಲವೇ ಅದಕ್ಕಿಂತ ತುಸು ಹೆಚ್ಚು. ಟಾರ್ಕ್ ಪಾನಾ ಇಲ್ಲದೆ ಕೈ ಅಂದಾಜಿನ ಮೇಲೆ ಬೋಲ್ಟ್ ಬಿಗಿಯುವ ಗ್ಯಾರೇಜಿನಲ್ಲಿ ಪ್ಯಾಕಿಂಗ್ ಹಳೇದೋ ಹೊಸದೋ ಎಂಬ ವಾದಕ್ಕೆ ಅರ್ಥವೂ ಕಡಿಮೆ. ಸೆಟ್ಟಿನ ರೇಟು ಕೇಳುವ ಮೊದಲು ಮಾಲೀಕ ಕೇಳಬೇಕಾದದ್ದು ಇಷ್ಟು: ಹೆಡ್ ಅಳೆದು ನೋಡಿದಿರಾ, ಎಷ್ಟು ಬಂತು?