ಬಚ್ಚಿಟ್ಟ ಉಡುಪು: ಕೊರಿಯಾದ ಜನಪದ ಕಥೆ ಮತ್ತು ವಲಸೆ ವಧು

ದೇವಕನ್ಯೆ ಹಾಗೂ ಸೌದೆಗಾರನ ಕಥೆ ಕೊರಿಯಾದಲ್ಲಿ ಮನೆಮಾತಾದದ್ದು. ಬೇಟೆಗಾರನಿಂದ ತನ್ನನ್ನು ಕಾಪಾಡಿದ ಬಡ ಸೌದೆಗಾರನಿಗೆ ಜಿಂಕೆಯೊಂದು ದೇವಕನ್ಯೆಯರು ಮೀಯುವ ಕೊಳದ ಗುಟ್ಟನ್ನು ತಿಳಿಸುತ್ತದೆ. ಒಬ್ಬಳ ಉಡುಪನ್ನು ಬಚ್ಚಿಡುವಂತೆಯೂ ನಾಲ್ವರು ಮಕ್ಕಳಾಗುವವರೆಗೆ (ಕೆಲವು ಪಾಠಗಳಲ್ಲಿ ಮೂವರು) ಅದನ್ನು ಹಿಂದಿರುಗಿಸದಂತೆಯೂ ಹೇಳುತ್ತದೆ. ಆತ ಮಾತು ಮರೆಯುತ್ತಾನೆ. ಉಡುಪು ತೊಟ್ಟ ಆಕೆ ಮಕ್ಕಳೊಡನೆ ಮೇಲೇರುತ್ತಾಳೆ. ಸ್ಟಿತ್ ಥಾಮ್ಸನ್ನರ ಆಶಯ ಸೂಚಿಯಲ್ಲಿ ಡಿ 361.1 ಎಂದು ಗುರುತಿಸಲಾದ ಹಂಸಕನ್ಯೆಯ ಆಶಯವಿದು. ನಮ್ಮ ಊರ್ವಶೀ-ಪುರೂರವರ ವೃತ್ತಾಂತವೂ ಇದರ ದೂರದ ಬಂಧು.

ವಿಯೆಟ್ನಾಂ, ಚೀನಾ, ಫಿಲಿಪ್ಪೀನ್ಸ್‌ಗಳಿಂದ ದಕ್ಷಿಣ ಕೊರಿಯಾದ ಹಳ್ಳಿಗಳಿಗೆ ಬಂದ ವಧುಗಳನ್ನು ಈ ಕನ್ಯೆಯೊಡನೆ ಸಮೀಕರಿಸುವ ಓದೊಂದುಂಟು. ಅದು ನಿರಾಧಾರವಲ್ಲ. 2005ರಲ್ಲಿ ಆ ದೇಶದ ಮದುವೆಗಳಲ್ಲಿ ಶೇ. 13ಕ್ಕೂ ಹೆಚ್ಚಿನವು ವಿದೇಶೀಯರೊಡನೆ ನಡೆದವು. ರೈತ ಮತ್ತು ಮೀನುಗಾರ ವರರಲ್ಲಂತೂ ಈ ಪ್ರಮಾಣ ಮೂರನೆಯ ಒಂದು ಭಾಗವನ್ನು ಮೀರಿತ್ತು. ವಿಯೆಟ್ನಾಂ ವಧುಗಳು ಓಡಿಹೋಗುವವರಲ್ಲ ಎಂಬ ದಲ್ಲಾಳಿಗಳ ಜಾಹೀರಾತುಗಳು ಹಳ್ಳಿಯ ರಸ್ತೆಗಳಲ್ಲಿ ತೂಗುತ್ತಿದ್ದವು. ವಾಸದ ಪರವಾನಗಿಯ ಮುಂದುವರಿಕೆಗೆ 2011ರವರೆಗೆ ಗಂಡನ ಜಾಮೀನುಪತ್ರ ಬೇಕಿತ್ತು. ಉಡುಪು ಬಚ್ಚಿಡುವುದೆಂದರೆ ಇದೇ. ಜಿಂಕೆಯ ನಡೆಯೂ ದಲ್ಲಾಳಿಯದೇ. ಗಂಡಿಗೆ ಎಲ್ಲವನ್ನೂ ತಿಳಿಸುವ ಅದು ಹೆಣ್ಣಿಗೆ ಏನನ್ನೂ ತಿಳಿಸದು. 2010ರಲ್ಲಿ ಬುಸಾನ್‌ನಲ್ಲಿ ವಿಯೆಟ್ನಾಮಿನ ವಧುವೊಬ್ಬಳು ಬಂದ ಎಂಟೇ ದಿನಗಳಲ್ಲಿ ಗಂಡನಿಂದ ಹತಳಾದಳು. ಆತನ ಮಾನಸಿಕ ಅಸ್ವಸ್ಥತೆಯ ಸಂಗತಿ ಆಕೆಗೆ ತಿಳಿದಿರಲಿಲ್ಲ.

ಆದರೆ ಈ ಓದು ಕಥೆಯೊಳಗಿನ ಮೇಲು-ಕೆಳಗುಗಳನ್ನು ಕಡೆಗಣಿಸುತ್ತದೆ. ದೇವಕನ್ಯೆ ಮೇಲಿನಿಂದ ಇಳಿದವಳು. ಧರ್ಮಶಾಸ್ತ್ರದ ಪರಿಭಾಷೆಯಲ್ಲಿ ಅದು ಪ್ರತಿಲೋಮ. ವಲಸೆ ವಧು ಬಡ ದೇಶದಿಂದ ಸಿರಿವಂತ ದೇಶಕ್ಕೆ ಬರುವವಳು. ಗಡಿದಾಟುವ ಮದುವೆಗಳನ್ನು ಕುರಿತು ನಿಕೋಲ್ ಕಾನ್‌ಸ್ಟಬಲ್ 2005ರಲ್ಲಿ ಸಂಪಾದಿಸಿದ ಸಂಪುಟವು ಇದನ್ನು ಜಾಗತಿಕ ಅನುಲೋಮವೆಂಬ ಅರ್ಥದಲ್ಲಿ ಚರ್ಚಿಸಿ, ಅದರ ವೈರುಧ್ಯವನ್ನೂ ಗುರುತಿಸಿದೆ. ದೇಶದ ಲೆಕ್ಕದಲ್ಲಿ ಮೇಲೇರಿದವಳು ಮನೆಯ ಲೆಕ್ಕದಲ್ಲಿ ಕೆಳಗಿಳಿದಿರಬಹುದು. ಊರಿನ ಹುಡುಗಿಯರು ನಗರ ಸೇರಿದ್ದರಿಂದ ಹೆಣ್ಣು ಸಿಗದೆ ಉಳಿದ ಗಂಡು, ಎರಡು ದೇಶಗಳ ವರಮಾನದ ಅಂತರದಿಂದಷ್ಟೇ ಮೇಲಿನವನಾಗುತ್ತಾನೆ. ತವರಿಗೆ ಹಣ ಕಳಿಸಬೇಕಾದ ಮಗಳಿಗೆ ಉಡುಪು ಕೈಗೆ ಸಿಕ್ಕರೂ ಮರಳುವುದೆಂದರೆ ಮೇಲೇರುವುದಲ್ಲ. ಸೆರೆಸಿಕ್ಕ ಕನ್ಯೆಯೆಂದು ಮರುಗುವ ವಿಮರ್ಶೆ, ತವರಿನ ಕಷ್ಟವನ್ನೆಣಿಸಿ ಹೊರಟುಬಂದ ಅವಳ ನಿರ್ಧಾರವನ್ನೇ ಅಳಿಸಿಹಾಕುತ್ತದೆ.

ವಲಸೆ ವಧುವಿಗೆ ನಿಜವಾಗಿ ಹತ್ತಿರವಾಗುವವನು ಸೌದೆಗಾರ. ದೀರ್ಘ ಪಾಠಗಳಲ್ಲಿ ಅವನು ಹೆಂಡತಿಯನ್ನು ಅರಸಿ ಆಕಾಶಕ್ಕೇರುತ್ತಾನೆ. ಅಲ್ಲಿ ಅವಳ ಮನೆಯವರು ಕೆಳಗಿನಿಂದ ಬಂದ ಅಳಿಯನಿಗೆ ಪರೀಕ್ಷೆಗಳನ್ನೊಡ್ಡುತ್ತಾರೆ. ಈ ಪಾಠಗಳನ್ನು ಬಿಟ್ಟು ಕಥೆಯನ್ನು ಉಡುಪಿನ ಕಳವಿಗಷ್ಟೇ ಸೀಮಿತಗೊಳಿಸುವುದು ಸಲ್ಲದು. 2014ರಿಂದ ಮದುವೆಯ ವೀಸಾ ಕೋರುವ ವಧು ಸಾಮಾನ್ಯವಾಗಿ ಕೊರಿಯನ್ ಭಾಷೆಯ ಪ್ರಾಥಮಿಕ ಜ್ಞಾನವನ್ನು ರುಜುವಾತುಪಡಿಸಬೇಕು. ಗಂಡ ತನ್ನ ವರಮಾನವನ್ನು ತೋರಿಸಬೇಕು. ಅವಳ ಭಾಷೆಯನ್ನು ಕಲಿತಿರಬೇಕೆಂಬ ನಿಯಮ ಅವನಿಗಿಲ್ಲ.